ಗೆಳೆಯನಿಗೊಂದು ಪತ್ರ: ಟ್ಯೂಬ್‌ಲೈಟ್ ನೋಡಿದವನಿಂದ

ಪ್ರಿಯ ಮಂಜಿನ ರಾಕ್ಷಸನೇ,

ನಿನಗೆ ನೇರವಾಗಿ ಕಳಿಸಿದರೆ ಒಂದು ಹೆಬ್ಬೆರಳು ಎತ್ತಿ ಮುಗಿಸಿಬಿಡುತ್ತೀಯ. ಇಲ್ಲಿ ನಾಲ್ಕು ಜನ ಸಾಕ್ಷಿಗಳಿದ್ದರೆ ಮರ್ಯಾದೆಗಾದರೂ ಉತ್ತರ ಬರೆದೀಯ ಎಂದು ಎಲ್ಲರೆದುರು ಬರೆಯುತ್ತಿದ್ದೇನೆ.

ನಿನ್ನ ಸೋದರಮಾವ ಜಪಾನಿನಿಂದ ತಂದಿದ್ದ ಆ ನರುಟೊ ಆಟವನ್ನು (ಜಪಾನಿ ಕಾರ್ಟೂನಿನ ನಿಂಜಾ ಹುಡುಗನದ್ದು) ಈಗ ಮೊಬೈಲಿನಲ್ಲಿ ಆಡಿ ಮುಗಿಸಿದೆ. ಆಸ್ಪೆಕ್ಟ್ ಕಂಪನಿ ತಯಾರಿಸಿ ಟೋಮಿ ಕಂಪನಿ 2003ರಲ್ಲಿ ಹೊರತಂದದ್ದು. ನನಗೆ ಸಿಕ್ಕಿದ್ದು 2006ರ ಇಂಗ್ಲಿಷ್ ಆವೃತ್ತಿ, 'ನಿಂಜಾ ಕೌನ್ಸಿಲ್'. ನಿಜ ಹೇಳಲೇ? ತೀರಾ ಸಾಧಾರಣ ಆಟ. ಓಡು, ಹಾರು, ಶುರಿಕೆನ್ ಎಂಬ ನಿಂಜಾ ಅಲಗು ಎಸೆ, ಸುರುಳಿ ಆರಿಸಿಕೊ. ಅನಿಮೆಯಲ್ಲಿ, ಅಂದರೆ ಆ ಕಾರ್ಟೂನ್ ಸರಣಿಯಲ್ಲಿ, ಖಳ ಜಬೂಜನೊಡನೆ ಕಾಳಗ ನಡೆಯುವ ಸೇತುವೆಯ ಮೇಲೆ ನೋಡುವವರನ್ನು ಎಪಿಸೋಡುಗಟ್ಟಲೆ ಅಳಿಸುತ್ತಾರೆ. ಇಲ್ಲಿ ಅಳುವುದಕ್ಕೆ ಪುರುಸೊತ್ತಿಲ್ಲ. ಮಂಜಿನ ರಾಕ್ಷಸನೆಂದೇ ಹೆಸರಾದ ಆ ಜಬೂಜನ ಮಾತುಗಳಂತೂ ಸಪ್ಪೆ. ಜಪಾನಿಯ ಒಂದಕ್ಷರ ಬಾರದ ನೀನು ಡ್ರಿಲ್ ಮಾಸ್ತರರ ದನಿಯಲ್ಲಿ ಅವನಿಂದ ಏನೆಲ್ಲ ಆಡಿಸಿದ್ದೆ! ಇಂಗ್ಲಿಷಿನಲ್ಲಿ ಎಷ್ಟು ಹುಡುಕಿದರೂ ಬೂಟಿನ ಪ್ರಸ್ತಾಪವೇ ಇಲ್ಲ.

ತಮಾಷೆಯೆಂದರೆ, ಈ ಆಟವನ್ನು ನಾನು ಕಣ್ಣಾರೆ ನೋಡಿದ್ದೇ ಈಗ. ಅದನ್ನು ಆಡುತ್ತಿದ್ದ ಕೈಯಂತ್ರ, ಮೊದಲ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿರಲಿಲ್ಲ. ಬೆಳಕಿದ್ದ ಹೊಸ ಮಾದರಿ, ಎಸ್‌ಪಿ, 2003ರಲ್ಲೇ ಬಂದಿತ್ತು. ನಿನ್ನ ಮಾವ ಅಗ್ಗವೆಂದು ಹಳೆಯದನ್ನೇ ತಂದಿದ್ದರು. ಟ್ಯೂಬ್‌ಲೈಟಿನ ಕೆಳಗೆ ನೀನು ಅದನ್ನು ವಾಲಿಸಿ ಹಿಡಿದರೆ ನಿನ್ನ ಕಣ್ಣಿಗೆ ನರುಟೊ, ಪಕ್ಕದಲ್ಲಿದ್ದ ನನ್ನ ಕಣ್ಣಿಗೆ ಬರೀ ಟ್ಯೂಬ್‌ಲೈಟ್. "ಹಿಂದೆ ನೋಡು, ಹಿಂದೆ!" ಎಂದು ಕಿರುಚುತ್ತಿದ್ದೆನಲ್ಲ, ಅದೆಲ್ಲ ನಿನ್ನ ಮುಖ ನೋಡಿಕೊಂಡು.

ನನಗೂ ಕೊಡು ಎಂದು ಯಾವತ್ತೂ ಕೇಳಲಿಲ್ಲ. ಸಂಕೋಚ ಎಂದುಕೊಂಡಿದ್ದೆಯೇನೋ. ನನ್ನ ಕೈಗೆ ಬಂದರೆ ಆಟ ಬೇಗ ಮುಗಿಯುತ್ತಿತ್ತು, ಮುಗಿದರೆ ಮನೆಗೆ ಹೋಗಬೇಕಾಗುತ್ತಿತ್ತು. ಆ ವರ್ಷ ನಮ್ಮ ಮನೆಯ ಸಂಜೆಗಳು ಹೇಗಿದ್ದವೆಂದು ನಿನಗೆ ಗೊತ್ತಿಲ್ಲ. ನಿಮ್ಮಮ್ಮನಿಗೆ ಗೊತ್ತಿತ್ತು ಅನ್ನಿಸುತ್ತದೆ. "ಊಟ ಮಾಡಿಕೊಂಡೇ ಹೋಗೋ" ಎನ್ನುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನೀನು ಗೆಲ್ಲಲೂಬಾರದು, ಸಾಯಲೂಬಾರದು, ಸುಮ್ಮನೆ ಓಡುತ್ತಲೇ ಇರಬೇಕು ಎಂದು ನಾನು ಒಳಗೊಳಗೇ ಹರಕೆ ಹೊರುತ್ತಿದ್ದೆ. ನೀನೋ, ದಿನದಿನಕ್ಕೂ ಆಟದಲ್ಲಿ ಪಳಗುತ್ತ ಹೋದೆ.

ಛೆ, ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಆ ಯಂತ್ರ ನುಂಗುತ್ತಿದ್ದ ಎರಡೆರಡು ಪೆನ್ಸಿಲ್ ಸೆಲ್‌ಗಳಲ್ಲಿ ನನ್ನ ಪಾಲಿನ ದುಡ್ಡೂ ಇತ್ತು, ಅದನ್ನು ಬಡ್ಡಿ ಸಮೇತ ಕೇಳುವುದಕ್ಕೆ ಇದು ಪೀಠಿಕೆ ಎಂದುಕೊ. ಉಳಿದ ಓದುಗರು ಇದನ್ನು ಆಟದ ವಿಮರ್ಶೆಯೆಂದೇ ತಿಳಿಯಲಿ.

ಎರಡನೆಯ ಭಾಗ ಶುರು ಮಾಡಿದ್ದೇನೆ. ಅದರಲ್ಲಿ ನರುಟೊನ ತಂಡದ ಹುಡುಗಿ ಸಕುರಾಳೂ ಸೇರಿ ಮೂವರನ್ನು ಬದಲಿಸುತ್ತ ಆಡಬಹುದು. ನನ್ನ ಕೈಯಲ್ಲಿ ಮೂವರೂ ಸರದಿ ತಪ್ಪದೆ ಸಾಯುತ್ತಿದ್ದಾರೆ.

ಇಂತಿ,
ನಿನ್ನ ಸೆಲ್ ಸರಬರಾಜುದಾರ