ಯಾವ ಕಿರಣಕ್ಕೆ ಪಡೆದ ಪ್ರಮಾಣಪತ್ರ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರಗಳು. ನಾನು ಕ್ಯಾನ್ಸರ್ ರೋಗಿಗಳ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ವೈದ್ಯಕೀಯ ಭೌತವಿಜ್ಞಾನಿ. ಯಂತ್ರದಿಂದ ಹೊರಡುವ ಕಿರಣ ಎಷ್ಟು ಡೋಸ್ ಕೊಡುತ್ತಿದೆ ಎಂದು ಅಳೆದು ನೋಡುವುದು ನನ್ನ ಕೆಲಸ. ನಾವು ತುಂಬಿಕೊಡುವ ತಪಾಸಣಾ ನಮೂನೆಯಲ್ಲಿ ‘ಡೋಸಿಮೀಟರ್‌ಗೆ ಪ್ರಮಾಣಪತ್ರ ಇದೆಯೇ?’ ಎಂಬ ಪ್ರಶ್ನೆಯಿದೆ. ಡೋಸಿಮೀಟರ್ ಎಂದರೆ ಡೋಸ್ ಅಳೆಯುವ ಮಾಪಕ. ಇದೆ ಎಂದು ಗುರುತು ಹಾಕಿದರೆ ಮುಗಿಯಿತು. ಎಷ್ಟು ಶಕ್ತಿಯ ಕಿರಣದಲ್ಲಿ ಪಡೆದ ಪ್ರಮಾಣಪತ್ರ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನೀವು ಕೇಳಿಸಬೇಕು ಎಂಬುದೇ ನನ್ನ ವಿನಂತಿ.

ಹಿಂದೊಮ್ಮೆ ನಮ್ಮಲ್ಲಿಗೆ ಗಂಟಲಿನ ಚಿಕಿತ್ಸೆಗೆ ಬಂದವರೊಬ್ಬರ ಎದೆಯಲ್ಲಿ ಪೇಸ್‌ಮೇಕರ್ ಇತ್ತು. ಕಿರಣ ನೇರವಾಗಿ ಅದರ ಮೇಲೆ ಬೀಳುತ್ತಿರಲಿಲ್ಲ, ಚದುರಿದ ವಿಕಿರಣ ಮಾತ್ರ ತಲುಪುತ್ತಿತ್ತು. ಪೇಸ್‌ಮೇಕರ್ ಇರುವಲ್ಲಿ ಚರ್ಮದ ಮೇಲೆ ಉಗುರಿನಷ್ಟು ದೊಡ್ಡ ಸಿಲಿಕಾನ್ ಡಯೋಡ್ ಎಂಬ ಮಾಪಕವನ್ನು ಅಂಟಿಸಿ ಅಳೆದೆವು. ಒಂದು ದಿನದ ಅಳತೆಯನ್ನು ಇಡೀ ಚಿಕಿತ್ಸೆಗೆ ಲೆಕ್ಕ ಹಾಕಿದಾಗ ಅದು ಸಾಮಾನ್ಯವಾಗಿ ಪಾಲಿಸುವ 2 ಗ್ರೇ (ಗ್ರೇ ಎಂದರೆ ಡೋಸಿನ ಅಳತೆಯ ಮಾನ) ಮಿತಿಯನ್ನು ದಾಟುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ಪೇಸ್‌ಮೇಕರನ್ನು ಇನ್ನೊಂದು ಬದಿಗೆ ಸರಿಸಬೇಕೆಂಬ ಮಾತು ಶುರುವಾಯಿತು. ರೋಗಿಯ ಮಗಳು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಆ ಡಯೋಡಿಗೆ ಪ್ರಮಾಣಪತ್ರವಿತ್ತು, ಆದರೆ ಅದನ್ನು ಕ್ಯಾಲಿಬ್ರೇಟ್ ಮಾಡಿದ್ದು, ಎಂದರೆ ಗೊತ್ತಿರುವ ಡೋಸಿಗೆ ಹೋಲಿಸಿ ಹೊಂದಿಸಿದ್ದು, 6 ಎಂವಿ (ಮೆಗಾವೋಲ್ಟ್) ಕಿರಣದ ನಡುಮಧ್ಯದಲ್ಲಿ. ಕಿರಣದ ಅಂಚಿನಾಚೆ ತಲುಪುವ ಫೋಟಾನುಗಳ (ಕಿರಣದ ಕಣಗಳ) ಶಕ್ತಿ ತೀರಾ ಕಡಿಮೆ. ಅಷ್ಟು ಕಡಿಮೆ ಶಕ್ತಿಯಲ್ಲಿ, ಪರಮಾಣು ಫೋಟಾನನ್ನು ಪೂರ್ತಿ ಹೀರಿಕೊಳ್ಳುವ ದ್ಯುತಿವಿದ್ಯುತ್ ಪರಿಣಾಮದ ಕೈ ಮೇಲಾಗುತ್ತದೆ, ಅದು ವಸ್ತುವಿನ ಪರಮಾಣು ಸಂಖ್ಯೆಯ ಹೆಚ್ಚುಕಡಿಮೆ ಘನದಷ್ಟು ವೇಗದಲ್ಲಿ ಏರುತ್ತದೆ. ಸಿಲಿಕಾನಿನ ಸಂಖ್ಯೆ 14. ನೀರಿನದು, ಎಂದರೆ ಬಹುಮಟ್ಟಿಗೆ ನಮ್ಮ ದೇಹದ ಮೃದು ಅಂಗಾಂಶದ್ದು, ಸುಮಾರು 7.4. ದೇಹ ಹೀರದಷ್ಟನ್ನು ಡಯೋಡ್ ಹೀರಿಕೊಂಡು ದೊಡ್ಡ ಅಂಕಿ ತೋರಿಸಿತ್ತು. ಮರುದಿನ ದೇಹದ ಪ್ರತಿರೂಪವಾದ ಫ್ಯಾಂಟಮ್‌ನಲ್ಲಿ ಅಯಾನ್ ಚೇಂಬರ್ (ಕಿರಣವು ತನ್ನೊಳಗಿನ ಗಾಳಿಯಲ್ಲಿ ಹುಟ್ಟಿಸುವ ವಿದ್ಯುದಂಶದಿಂದ ಡೋಸ್ ಅಳೆಯುವ ಮಾಪಕ) ಇಟ್ಟು ಅಳೆದಾಗ ಡೋಸ್ ಮಿತಿಯ ಎಷ್ಟೋ ಕೆಳಗಿತ್ತು. ಬೇಡದ ಶಸ್ತ್ರಚಿಕಿತ್ಸೆಯೊಂದು ತಪ್ಪಿತು. ಮರುದಿನ ಅಳೆಯಲು ಬಿಡುವು ಸಿಗದೇ ಹೋಗಿದ್ದರೆ?

ಬೇರೆ ಮಾಪಕಗಳಿಗೂ ಇಂಥ ಸ್ವಭಾವವಿದೆ. ಬಿಸಿ ಮಾಡಿದಾಗ ಹೊಮ್ಮುವ ಬೆಳಕಿನಿಂದ ಡೋಸ್ ತಿಳಿಸುವ ಟಿಎಲ್‌ಡಿ ಮಾಪಕದಲ್ಲಿ ಬಳಸುವ ಲಿಥಿಯಂ ಫ್ಲೋರೈಡ್ ನೀರಿಗೆ ಹತ್ತಿರದ ವಸ್ತುವಾದ್ದರಿಂದ ಕಡಿಮೆ ತಪ್ಪುತ್ತದೆ. ಬಿಸಿಯ ಬದಲು ಬೆಳಕು ಹಾಯಿಸಿ ಓದುವ ಓಎಸ್‌ಎಲ್ ಮಾಪಕದ ಅಲ್ಯೂಮಿನಿಯಂ ಆಕ್ಸೈಡ್ ಕಡಿಮೆ ಶಕ್ತಿಯ ಎಕ್ಸ್-ಕಿರಣಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ತೋರಿಸಬಲ್ಲದು.

ನಮ್ಮ ಎಲ್ಲ ಅಳತೆಗೂ ಬುನಾದಿಯಾದ ಅಯಾನ್ ಚೇಂಬರ್ ಕೂಡ ಇದಕ್ಕೆ ಹೊರತಲ್ಲ. ಅದಕ್ಕೆ ಸಾಮಾನ್ಯವಾಗಿ ಪ್ರಮಾಣಪತ್ರ ಸಿಗುವುದು ಕೋಬಾಲ್ಟ್-60ರ ಕಿರಣದಲ್ಲಿ. ಅದರ ಸರಾಸರಿ ಶಕ್ತಿ 1.25 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್). ಆದರೆ ಚಿಕಿತ್ಸೆ ನಡೆಯುವುದು 6, 10, 15 ಎಂವಿ ಕಿರಣಗಳಲ್ಲಿ. ಶಕ್ತಿ ಏರಿದಂತೆ ನೀರು ಮತ್ತು ಗಾಳಿ ಎಲೆಕ್ಟ್ರಾನುಗಳನ್ನು ತಡೆಯುವ ಅನುಪಾತವೇ ಬದಲಾಗುವುದರಿಂದ ಪ್ರತಿ ಕಿರಣಕ್ಕೂ ಬೇರೆ ತಿದ್ದುಪಡಿ ಗುಣಾಂಕ ಬೇಕು. ಸಾಮಾನ್ಯ ಬಳಕೆಯ 0.6 ಸಿಸಿ ಚೇಂಬರಿಗೆ ಈ ತಿದ್ದುಪಡಿ 6 ಎಂವಿಯಲ್ಲಿ ಸುಮಾರು ಶೇ 1, 15 ಎಂವಿಯಲ್ಲಿ ಶೇ 2ಕ್ಕೂ ಮೇಲೆ. ಎಲೆಕ್ಟ್ರಾನ್ ಕಿರಣಗಳಿಗೆ ಇನ್ನೂ ಹೆಚ್ಚು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದರ ವಿಧಾನವನ್ನು 2000ದಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದೆ.

ಶೇ 2 ಎಂದರೆ ನಿಮ್ಮ ಅಧಿಕಾರಿಗಳಿಗೆ ಕ್ಷುಲ್ಲಕ ಎನಿಸಬಹುದು. ರೋಗಿಗೆ ತಲುಪುವ ಡೋಸ್ ಶೇ 5ಕ್ಕಿಂತ ಆಚೀಚೆ ಹೋಗಬಾರದೆಂಬುದು 1976ರಿಂದಲೂ ಇರುವ ಶಿಫಾರಸು. ರೋಗಿಯನ್ನು ಮಲಗಿಸುವುದರಲ್ಲಿ, ಗೆಡ್ಡೆಯ ಗಡಿ ಗುರುತಿಸುವುದರಲ್ಲಿ, ಗಣಕದ ಲೆಕ್ಕದಲ್ಲಿ ಆಗುವ ಎಲ್ಲ ವ್ಯತ್ಯಾಸವೂ ಆ ಐದರೊಳಗೇ ಅಡಗಬೇಕು. ಅದರಲ್ಲಿ ಎರಡನ್ನು ಒಂದು ಮರೆತ ಗುಣಾಂಕಕ್ಕೆ ಬಿಟ್ಟುಕೊಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಈ ತಪ್ಪು ಒಬ್ಬ ರೋಗಿಗೆ ನಿಲ್ಲುವುದೂ ಇಲ್ಲ, ಆ ಕಿರಣದ ಕೆಳಗೆ ಮಲಗುವ ಪ್ರತಿಯೊಬ್ಬರಿಗೂ ಅಂಟುತ್ತದೆ. ಫ್ರಾನ್ಸಿನ ತುಲೂಸ್‌ನಲ್ಲಿ 2006–07ರಲ್ಲಿ ಆದದ್ದು ಶಕ್ತಿಯ ತಪ್ಪಲ್ಲ, ಗಾತ್ರದ್ದು. ಸಣ್ಣ ಕಿರಣವನ್ನು ಅದಕ್ಕೆ ಒಗ್ಗದ ದೊಡ್ಡ ಮಾಪಕದಿಂದ ಅಳೆದಿದ್ದರು. ಸುಮಾರು ಒಂದು ವರ್ಷ ಅದು ಗೊತ್ತಾಗಲೇ ಇಲ್ಲ; 145 ರೋಗಿಗಳಿಗೆ ಹೆಚ್ಚು ಡೋಸ್ ಬಿದ್ದಿತ್ತು.

ಆದ್ದರಿಂದ ಆ ನಮೂನೆಯಲ್ಲಿ ಯಂತ್ರಕ್ಕೊಂದು ಸಾಲಿನ ಬದಲು ಯಂತ್ರದ ಪ್ರತಿ ಕಿರಣಕ್ಕೂ ಒಂದು ಸಾಲು ಇರಲಿ. ಯಾವ ಮಾಪಕ, ಅದನ್ನು ಯಾವ ಶಕ್ತಿಯಲ್ಲಿ ಕ್ಯಾಲಿಬ್ರೇಟ್ ಮಾಡಲಾಗಿದೆ, ಯಾವ ಗುಣಾಂಕ ಹಾಕಲಾಗಿದೆ ಎಂದು ಅಲ್ಲಿ ಬರೆಯಬೇಕಾಗಲಿ. ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 1969ರಿಂದ ಅಂಚೆಯಲ್ಲಿ ಪುಟ್ಟ ಮಾಪಕಗಳನ್ನು ಕಳಿಸಿ ಆಸ್ಪತ್ರೆಗಳ ಡೋಸ್ ಪರೀಕ್ಷಿಸುತ್ತಿವೆ. ಅಂಥ ಹೊರಗಿನ ಪರೀಕ್ಷೆ ಬಳಕೆಯಲ್ಲಿರುವ ಎಲ್ಲ ಕಿರಣಗಳಿಗೂ ಕಡ್ಡಾಯವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅಳೆಯಲು ಯಂತ್ರ ನಿಲ್ಲಿಸಿದ ಗಂಟೆಗಳನ್ನು ನಷ್ಟದ ಲೆಕ್ಕಕ್ಕೆ ಬರೆಯುವುದನ್ನು ನಿಲ್ಲಿಸಿ. ಅದೂ ಚಿಕಿತ್ಸೆಯ ಸಮಯವೇ.

ಹೊಸ ನಮೂನೆಯ ಕರಡನ್ನು ನಾನೇ ಸಿದ್ಧಪಡಿಸಿ ಕಳಿಸಬಲ್ಲೆ, ಒಂದು ವಾರ ಸಾಕು. ಅದಕ್ಕೆ ಮೊದಲು ನಿಮ್ಮ ಅಧಿಕಾರಿಯೊಬ್ಬರನ್ನು ಒಂದು ಸಂಜೆ, ರೋಗಿಗಳೆಲ್ಲ ಹೊರಟ ಮೇಲೆ, ನಮ್ಮ ವಿಭಾಗಕ್ಕೆ ಕಳಿಸಿಕೊಡಿ. ನೀರಿನ ತೊಟ್ಟಿಯಲ್ಲಿ ಹತ್ತು ಸೆಂಟಿಮೀಟರ್ ಆಳಕ್ಕೆ ಚೇಂಬರ್ ಇಳಿಸಿ 6ರಲ್ಲೂ 15ರಲ್ಲೂ ಅಳೆಯೋಣ. ಗುಣಾಂಕವನ್ನು ಅವರ ಕೈಯಿಂದಲೇ ಹಾಕಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವೈದ್ಯಕೀಯ ಭೌತವಿಜ್ಞಾನಿ