ಟ್ಯಾಂಕರ್ ಪಾಳಿ ಹಚ್ಚುವ ಮಗಳಿಗೆ

ಕಲಬುರಗಿ

ಚಿ. ಮಗಳಿಗೆ ಕಾಕಾನ ಆಶೀರ್ವಾದ.

ಪಂಚಾಯಿತಿ ಮೆಂಬರ್ ಆದ ಮೊದಲ ಬೇಸಿಗೆಗೇ ಟ್ಯಾಂಕರ್ ಪಾಳಿ ನಿನ್ನ ಕೊರಳಿಗೆ ಬಿದ್ದಿದೆ. "ಸಮ ಹಂಚಿದರೂ ಜಗಳ ಯಾಕ ಕಾಕಾ?" ಅಂತ ಕೇಳಿದ್ದೀ. ಯಾವುದನ್ನು ಸಮ ಮಾಡಿದಿ ಅನ್ನುವುದರಲ್ಲೇ ಜಗಳ ಇದೆ.

ಟ್ಯಾಂಕರಿನಲ್ಲಿ 5,000 ಲೀಟರ್, ಓಣಿಯಲ್ಲಿ 50 ಮನೆ, 250 ಜನ ಅಂತ ಹಿಡಿ. ಮನೆ ಲೆಕ್ಕಕ್ಕೆ 100 ಲೀಟರ್. ಮುದುಕ ಮುದುಕಿ ಇಬ್ಬರೇ ಇರುವಲ್ಲಿ ತಲೆಗೆ 50 ಬರುತ್ತದೆ, ಹತ್ತು ಮಂದಿಯ ಮನೆಯಲ್ಲಿ ತಲೆಗೆ 10. ತಲೆ ಲೆಕ್ಕ ಹಿಡಿದರೆ ಎಲ್ಲರಿಗೂ 20. ಜಲ ಜೀವನ ಮಿಷನ್ ಅಳತೆ ದಿನಕ್ಕೆ ತಲೆಗೆ 55 ಲೀಟರ್. ಆ ಪ್ರಕಾರ ಓಣಿಗೆ 13,750 ಬೇಕು, ಹೆಚ್ಚುಕಡಿಮೆ ಮೂರು ಟ್ಯಾಂಕರ್. ಒಂದೇ ಬಂದಿದೆ ಅನ್ನುವುದನ್ನು ಪಾಳಿ ಹಚ್ಚುವ ಮೊದಲೇ ಗಟ್ಟಿಯಾಗಿ ಹೇಳಿಬಿಡು.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಪರೀಕ್ಷೆಯೊಂದಿದೆ. ನೀನು ಅಗಸಿ ಬಾಜೂಕಿನ ಮನೆಯವಳೋ, ಕೊನೇ ಓಣಿಯವಳೋ, ಹಸಿ ಬಾಣಂತಿಯೋ ನಿನಗೇ ಗೊತ್ತಿಲ್ಲ. ಆ ಪರದೆಯ ಹಿಂದೆ ಕೂತು ನಿಯಮ ಮಾಡು ಅನ್ನುತ್ತಾನೆ. ಅವನು ಬರೆದದ್ದು ಸಮಾಜದ ಬುನಾದಿಗೆ, ಟ್ಯಾಂಕರಿಗಲ್ಲ. ಆದರೂ ಇಲ್ಲಿ ಕೂಡುತ್ತದೆ. ಹಾಗೆ ಕೂತರೆ ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ಮೊದಲೇ 500 ಲೀಟರ್ ತೆಗೆದಿಡುತ್ತೀ. ಉಳಿದ 4,500ರಲ್ಲಿ ತಲೆಗೆ 18. 15 ಲೀಟರಿನ ಕೊಡವಾದರೆ ಐದು ಮಂದಿಯ ಮನೆಗೆ ಆರು ಕೊಡ.

"ಅವರಿಗ್ಯಾಕ ಹೆಚ್ಚಿಗಿ?" ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಅವರಿಗೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮು ನೆನಪು ಮಾಡು. ಪ್ರಾದೇಶಿಕ ಅಸಮಾನತೆ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲೂಕು ಹಿಂದುಳಿದಿವೆ ಅಂದಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಲ್ಲ ತಾಲೂಕಿಗೂ ಒಂದೇ ಪಾಲು ಸಾಲದು ಅಂತ ಹೋರಾಡಿ, ಸಂವಿಧಾನದ 98ನೇ ತಿದ್ದುಪಡಿಯಿಂದ ಆ ಕಲಮು ತಂದುಕೊಂಡ ಭಾಗ ನಮ್ಮದು. ಬೆಂಗಳೂರಿನ ಮುಂದೆ ಹಿಡಿದ ವಾದವನ್ನೇ ಕೊನೇ ಓಣಿ ನಮ್ಮ ಮುಂದೆ ಹಿಡಿದರೆ ಮುಖ ಗಂಟಿಕ್ಕುವುದು ಸರಿಯಲ್ಲ.

ಒಟ್ಟು ಲಾಭ ನೋಡು ಅನ್ನುವ ಇಂಗ್ಲಿಷ್ ಚಿಂತಕ ಬೆಂಥಮ್‌ನ ಮಂದಿಯ ಲೆಕ್ಕಕ್ಕೆ ಹೋಗಬೇಡ. ಡೀಸೆಲ್ ಉಳಿಯಲಿ ಅಂತ ರಸ್ತೆ ಬದಿಗೇ ನೀರು ಸುರಿದು ಬರುತ್ತಾರೆ, ಕೊನೇ ಓಣಿಗೆ ಮುಟ್ಟುವುದೇ ಇಲ್ಲ.

ಬೋರಿನಲ್ಲಿ ನೀರಿರುವ ಸಾಹುಕಾರ "ನನ್ನ ಹೊಲ, ನನ್ನ ರೊಕ್ಕ, ನನ್ನ ರೇಟು" ಅಂದರೆ ಅದನ್ನು ಹಗುರ ಮಾಡಬೇಡ. ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಆ ಪಕ್ಷವನ್ನೇ ಹಿಡಿದ: ನ್ಯಾಯವಾಗಿ ಬಂದದ್ದನ್ನು ಕಸಿಯಬಾರದು. ಆದರೆ ಅವನೂ ಒಂದು ಗೆರೆ ಹಾಕಿದ್ದಾನೆ. ಮರುಭೂಮಿಯಲ್ಲಿ ಉಳಿದೆಲ್ಲ ಹೊಂಡ ಬತ್ತಿ ಒಬ್ಬನದೇ ಉಳಿದರೆ, ಅವನು ಮನಸ್ಸಿಗೆ ಬಂದ ಬೆಲೆ ಕೇಳುವಂತಿಲ್ಲ. ಮೇ ತಿಂಗಳಲ್ಲಿ ಊರಿಗೆ ಅದೊಂದೇ ಬೋರು ಆಡುತ್ತಿದ್ದರೆ ಈ ಮಾತು ಸಾಕು. ಕರೆಂಟು, ಮೋಟಾರು ಸವಕಳಿ, ಮೇಲೊಂದಿಷ್ಟು ಲಾಭ ಕೊಡುತ್ತೇವೆ ಅಂತ ಬರಹದಲ್ಲಿ ಒಪ್ಪಂದ ಮಾಡಿಕೋ.

ಲೀಟರ್ ಸರಿ ಬಂದರೂ ನ್ಯಾಯ ತಪ್ಪುವ ಜಾಗ ಒಂದಿದೆ: ಕೇರಿಯವರಿಗೆ ಬೇರೆ ಕಡೆ ಸುರಿಯುವುದು. 1927ರಲ್ಲಿ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಗೆ ಇಳಿದದ್ದು ಬರೇ ನೀರಡಿಕೆಗಲ್ಲ, ನಾವೂ ಎಲ್ಲರಂತೆ ಮನುಷ್ಯರು ಅಂತ ತೋರಿಸಲಿಕ್ಕೆ. ಸಾಲು ಒಂದೇ ಇರಲಿ.

ಇನ್ನು ಕೈಕೆಲಸ. ಮೇಲಿನ ಮುಚ್ಚಳದಿಂದ ಪೈಪು ಇಳಿಬಿಡಲು ಬಿಡಬೇಡ. ತೋಳಿನ ಬಲ ಇದ್ದವರೇ ತುಂಬಿಕೊಳ್ಳುತ್ತಾರೆ. ಓಣಿಗೆ ಇಷ್ಟು ನಿಮಿಷ ಅಂತ ಗಡಿಯಾರ ಹಿಡಿಯುವುದೂ ತಪ್ಪು. ಟ್ಯಾಂಕರ್ ತುಂಬಿದ್ದಾಗ ನಳದಲ್ಲಿ ಒತ್ತಡ ಜೋರು. ನೀರು ಅರ್ಧ ಎತ್ತರಕ್ಕೆ ಇಳಿದರೆ ಬೀಳುವ ವೇಗ ಸುಮಾರು ಶೇ 70ಕ್ಕೆ, ಕಾಲು ಎತ್ತರಕ್ಕೆ ಇಳಿದರೆ ಅರ್ಧಕ್ಕೆ ಬರುತ್ತದೆ. ಅದೇ ಹತ್ತು ನಿಮಿಷ, ಕೊನೆಯವರಿಗೆ ಅರ್ಧ ನೀರು. ಕೊಡ ಎಣಿಸು. ಪ್ಲಾಸ್ಟಿಕ್ ಕೊಡಗಳು ಒಂದೊಂದು ಅಳತೆಯವು, ಅದಕ್ಕೆ ಪಂಚಾಯಿತಿಯದೇ ಒಂದು ಕೊಡಕ್ಕೆ 15 ಲೀಟರಿಗೆ ಬಣ್ಣದ ಗೆರೆ ಹಾಕಿಸಿ ಅದರಿಂದಲೇ ಅಳೆ. ಇವತ್ತು ಅಗಸಿಯಿಂದ ಸುರು ಮಾಡಿದರೆ ನಾಳೆ ಕೇರಿಯಿಂದ. ಎಣಿಸುವವರ ಮನೆಯ ಪಾಳಿ ಎಲ್ಲಕ್ಕಿಂತ ಕಡೆಗೆ, ನಿಮ್ಮದೂ ಅದರ ಸಂಗಡ. ಅವ್ವಗೆ ಈಗಲೇ ಹೇಳಿಡು, ಇಲ್ಲದಿದ್ದರೆ ಮೊದಲ ದಿನವೇ ಕೊಡ ಹಿಡಿದು ಮುಂದೆ ಬಂದು ನಿಲ್ಲುತ್ತಾಳೆ.

ಇಂತಿ,
ನಿನ್ನ ಕಾಕಾ