ಮಧ್ಯಾಹ್ನದ ಧಾರಾವಾಹಿ: ಪಾತ್ರಧಾರಿಗಳ ಹೆಸರು ಓದಲು ಸಿಗಲಿ

ಮಾನ್ಯ ಸಂಪಾದಕರೇ,

ಮಧ್ಯಾಹ್ನದ ಹೊತ್ತಿನಲ್ಲಿ ಕನ್ನಡ ವಾಹಿನಿಗಳಲ್ಲಿ ಬರುವ ಧಾರಾವಾಹಿಗಳ ಪಾತ್ರಧಾರಿಗಳ ಹೆಸರುಗಳನ್ನು, ನೋಡುವವರು ಓದಿಕೊಳ್ಳುವಷ್ಟು ಹೊತ್ತು ತೆರೆಯ ಮೇಲೆ ತೋರಿಸಬೇಕು ಎಂಬ ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಹಲವರಿಗೆ ಇದು ಸಣ್ಣ ವಿಷಯವೆಂದು ತೋರಬಹುದು. ಕಳೆದ ಮಳೆಗಾಲದವರೆಗೆ ನಾನೂ ಇದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಅಡಕೆ ತೋಟದ ಮನೆ. ಅತ್ತೆಯವರಿಗೆ ಈಗ 84 ವರ್ಷ. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು, ಅಡುಗೆಮನೆ ಸಾರಿಸಿ ಬಂದ ಮೇಲೆ, ಮತ್ತೆ ಕೊಟ್ಟಿಗೆಗೆ ಹೋಗುವವರೆಗಿನ ಒಂದೂವರೆ ಗಂಟೆ ಮಾತ್ರ ನಮ್ಮಂಥ ಮನೆಗಳ ಹೆಂಗಸರಿಗೆ ತಮ್ಮದು ಎನ್ನುವ ಹೊತ್ತು. ರಾತ್ರಿಯ ಧಾರಾವಾಹಿಯನ್ನು ಮನೆಮಂದಿಯೆಲ್ಲ ನೋಡುತ್ತಾರೆ, ನಡುವೆ ಯಾರೋ ವಾರ್ತೆಗೆ ತಿರುಗಿಸುತ್ತಾರೆ, ಯಾರಿಗೋ ಬಡಿಸಬೇಕಾಗುತ್ತದೆ. ಮಧ್ಯಾಹ್ನದ್ದು ಹಾಗಲ್ಲ. ಸುಗ್ಗಿಯಲ್ಲಿ ಜಗಲಿಯ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಕೆ ಸುಲಿಯುತ್ತ, ಮಳೆಗಾಲದಲ್ಲಿ ಕಂಬಳಿ ಹೊದ್ದು ಕುಳಿತು, ಅತ್ತೆಯವರೂ ನಾನೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಹೊತ್ತಿನಲ್ಲಿ ಧಾರಾವಾಹಿ ನೋಡುತ್ತ ಬಂದಿದ್ದೇವೆ. ಜೋರು ಮಳೆಗೆ ಡಿಶ್ಶಿನ ಸಿಗ್ನಲ್ ಹೋದರೆ, ಅಂದಿನ ಕಂತಿನಲ್ಲಿ ಏನಾಯಿತೆಂದು ಪಕ್ಕದ ಊರಿನ ನಾದಿನಿಗೆ ಫೋನು ಮಾಡಿ ಕೇಳಿಕೊಂಡದ್ದೂ ಉಂಟು.

ನಾವು ನಾಲ್ಕು ವರ್ಷಗಳಿಂದ ಬಿಡದೆ ನೋಡುತ್ತಿದ್ದ ಒಂದು ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರವೊಂದಿತ್ತು. ದೊಡ್ಡ ಪಾತ್ರವೇನಲ್ಲ. ಜಗಳ ತಾರಕಕ್ಕೇರಿದಾಗ ಮೂಲೆಯ ಕುರ್ಚಿಯಲ್ಲಿ ಕುಳಿತ ಈ ಅಜ್ಜಿ ಎಲೆಯ ತೊಟ್ಟು ಮುರಿದು, ಬೆನ್ನಿನ ನಾರನ್ನು ಉಗುರಿನಿಂದ ಎಳೆದು ತೆಗೆದು, ನಡುಬೆರಳಲ್ಲಿ ಸುಣ್ಣ ಸವರಿ, ಅಡಕೆ ಇಟ್ಟು ಮಡಚಿ, ಆಮೇಲೆ ಒಂದು ಮಾತು ಆಡುತ್ತಿದ್ದರು. ಎಲೆ ಮಡಚಿ ಮುಗಿಯುವವರೆಗೂ ಅವರ ಕಣ್ಣು ಮಾತ್ರ ಸೊಸೆಯಂದಿರ ಮೇಲೆ ಇರುತ್ತಿತ್ತು. ಕವಳ ಹಾಕುವವರ ಮನೆಯಲ್ಲಿ ಹುಟ್ಟಿ ಬೆಳೆದ ಅತ್ತೆಯವರು ಇದನ್ನು ಮೊದಲ ವಾರದಲ್ಲೇ ಗುರುತಿಸಿ, "ಇವರು ನಾಟಕಕ್ಕೆಂದು ಎಲೆ ಹಿಡಿದವರಲ್ಲ, ಮನೆಯಲ್ಲೂ ಕವಳ ಹಾಕುವವರೇ ಸೈ" ಎಂದಿದ್ದರು. ಆ ನಾರು ಎಳೆಯುವ ಕೆಲಸವನ್ನು ಯಾವ ನಿರ್ದೇಶಕರೂ ಹೇಳಿಕೊಟ್ಟಿರಲಾರರು ಎಂದೇ ನನ್ನ ನಂಬಿಕೆ. ಅದು ಆ ನಟಿ ತಮ್ಮ ಬದುಕಿನಿಂದ ತಂದು ಪಾತ್ರಕ್ಕೆ ಕೊಟ್ಟದ್ದು.

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ, ಅದೇ ಶಾಲು ಹೊದ್ದು, ಬೇರೊಬ್ಬರು ಕುಳಿತಿದ್ದರು. ತೆರೆಯ ಮೇಲೆ ಒಂದು ಸಾಲಿನ ಸೂಚನೆಯೂ ಬರಲಿಲ್ಲ. ಮನೆಯವರೆಲ್ಲ ಅವರನ್ನು ಎಂದಿನಂತೆ ಅಜ್ಜಿ ಎಂದೇ ಕರೆದು ಮಾತಾಡಿಸಿದರು. ಅತ್ತೆಯವರು ಮೊದಲು ತಮ್ಮ ಕಣ್ಣೇ ಮಂಜಾಯಿತೆಂದು ತಿಳಿದು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಹೊಸಬರು ಎಲೆಯ ನಾರು ತೆಗೆಯದೆ ಹಾಗೆಯೇ ಮಡಚಿದಾಗ, "ಇವರು ಅವರಲ್ಲ" ಎಂದರು. ಹೊಸ ನಟಿಯದು ಇದರಲ್ಲಿ ಯಾವ ತಪ್ಪೂ ಇಲ್ಲ. ಮತ್ತೊಬ್ಬರು ನಾಲ್ಕು ವರ್ಷ ಕುಳಿತೆದ್ದ ಕುರ್ಚಿಯಲ್ಲಿ ಬಂದು ಕುಳಿತುಕೊಳ್ಳುವುದು ಸುಲಭವಲ್ಲ, ಅವರೂ ಚೆನ್ನಾಗಿಯೇ ಮಾಡುತ್ತಿದ್ದಾರೆ. ಆದರೆ ಹೋದವರು ಎಲ್ಲಿ ಹೋದರು, ಕಾಯಿಲೆಯೋ, ಬೇರೆ ಕೆಲಸ ಸಿಕ್ಕಿತೋ, ಅಥವಾ ಹೇಳಬಾರದ್ದು ಏನಾದರೂ ಆಯಿತೋ ಎಂಬ ಚಿಂತೆ ನಮ್ಮ ಮನೆಯಲ್ಲಿ ಉಳಿಯಿತು. "ಹೆಸರಾದರೂ ಗೊತ್ತಿದ್ದಿದ್ದರೆ ಪೇಪರಿನಲ್ಲಿ ನೋಡುತ್ತಿರಬಹುದಿತ್ತು" ಎಂದು ಅತ್ತೆಯವರು ಹೇಳಿದಾಗಲೇ ನನಗೆ ಹೊಳೆದದ್ದು, ನಾಲ್ಕು ವರ್ಷ ದಿನವೂ ನಮ್ಮ ಜಗಲಿಗೆ ಬಂದು ಹೋದ ಆ ಹೆಂಗಸಿನ ಹೆಸರು ನಮಗಿಬ್ಬರಿಗೂ ತಿಳಿದಿರಲಿಲ್ಲ ಎಂಬುದು.

ಹುಡುಕದೆ ಬಿಡಲಿಲ್ಲ. ಕಂತು ಮುಗಿಯುವಾಗ ತೆರೆಯ ಬುಡದಲ್ಲಿ ಸಣ್ಣ ಅಕ್ಷರಗಳ ಸಾಲೊಂದು ಓಡುತ್ತದೆ, ಅದೂ ಎಲ್ಲ ದಿನ ಇರುವುದಿಲ್ಲ. ಇದ್ದ ದಿನ ಅದರ ಮೇಲೆಯೇ ಮುಂದಿನ ಕಾರ್ಯಕ್ರಮದ ಪಟ್ಟಿ ಬಂದು ಕೂರುತ್ತದೆ. ಮಗಳು ತನ್ನ ಮೊಬೈಲಿನಲ್ಲಿ ಹಳೆಯ ಕಂತು ಹಾಕಿ, ಆ ಸಾಲು ಬಂದಲ್ಲಿ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಅಕ್ಷರಗಳು ಒಡೆದು ಮಸುಕಾದವೇ ಹೊರತು ಓದಲು ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ನಾಯಕನ ಹೆಸರು, ನಾಯಕಿಯ ಹೆಸರು, ಅವರ ಹೊಸ ಮನೆ, ಹೊಸ ಕಾರು ಎಲ್ಲವೂ ಸಿಕ್ಕಿದವು. ಅಜ್ಜಿಯ ಪಾತ್ರದ ಎದುರು ಯಾರ ಹೆಸರೂ ಇರಲಿಲ್ಲ.

ಇದು ಮೊದಲಿನಿಂದಲೂ ಹೀಗೇ ಇದ್ದದ್ದಲ್ಲ. ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ಸೇರಿ ನಿರ್ದೇಶಿಸಿದ 'ಮಾಯಾಮೃಗ' 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದಾಗ ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಶೀರ್ಷಿಕೆ ಗೀತೆಯ ಹೊತ್ತಿಗೆ ತೆರೆಯ ಮೇಲೆ ಬರುತ್ತಿದ್ದ ಹೆಸರುಗಳನ್ನು, ಅಡಕೆ ಸುಲಿದವರಿಗೆ ಡಬ್ಬದ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಬರೆದಿಟ್ಟುಕೊಳ್ಳುತ್ತಿದ್ದೆ. ಒಂದು ದಿನಕ್ಕೆ ಎರಡೋ ಮೂರೋ ಹೆಸರು, ಮರುದಿನ ಮುಂದಿನವು. ಹೀಗೆ ಮಾಳವಿಕಾ ಅವರ ಹೆಸರು, ಎಂ.ಡಿ. ಪಲ್ಲವಿ ಅವರ ಹೆಸರು ನನಗೆ ತಿಳಿದದ್ದು. ಕೆಲವು ವರ್ಷಗಳ ನಂತರ, ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ಭೈರಪ್ಪನವರ 'ಗೃಹಭಂಗ'ವನ್ನು ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದಾಗ, ಅದೇ ಮಾಳವಿಕಾ ನಂಜಮ್ಮನಾಗಿ ಬಂದರು. ಅಲ್ಲಿ ಆ ಸ್ಥಿರವಾದ ದನಿಯಲ್ಲಿ ಮಾತಾಡಿದವರು ಇಲ್ಲಿ ಹೀಗೆ ಬಾಡಿ ಹೋದ ಮುಖದ ಹೆಣ್ಣಾಗಿ ನಿಂತದ್ದನ್ನು ನೋಡಿ, ಒಬ್ಬರೇ ಮನುಷ್ಯರು ಇಷ್ಟು ದೂರ ಹೋಗಬಲ್ಲರೇ ಎಂದು ಬೆರಗಾದೆ. ಹೆಸರು ತಿಳಿದಿರದಿದ್ದರೆ ಆ ಬೆರಗು ನನ್ನ ಪಾಲಿಗೆ ಬರುತ್ತಿರಲಿಲ್ಲ.

ವೈಶಾಲಿ ಕಾಸರವಳ್ಳಿಯವರ ವಿಷಯದಲ್ಲೂ ಅಷ್ಟೆ. ಶಂಕರ್ ನಾಗ್ ಅವರು ನಮ್ಮ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ತಾಯಿಯಾಗಿ ಅವರನ್ನು ನೋಡಿದ್ದೆವು. ಮುಂದೆ 'ಮೂಡಲ ಮನೆ'ಯ ನಿರ್ದೇಶಕಿಯೆಂದು ಅವರ ಹೆಸರು ದಿನವೂ ಕಣ್ಣಿಗೆ ಬೀಳುತ್ತಿತ್ತು. 2010ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅತ್ತೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಒಮ್ಮೆಯೂ ಭೇಟಿಯಾಗದಿದ್ದರೂ ಅವರು ನಮಗೆ ಬೇಕಾದವರಾಗಿದ್ದರು, ಏಕೆಂದರೆ ಅವರು ಯಾರೆಂದು ನಮಗೆ ಗೊತ್ತಿತ್ತು. ಈಗಿನ ಅಜ್ಜಿಯ ವಿಷಯದಲ್ಲಿ ನಮಗೆ ಅಷ್ಟೂ ದಕ್ಕಿಲ್ಲ.

ಧಾರಾವಾಹಿಗಳ ಕತೆಯ ಬಗ್ಗೆ ನನಗೂ ತಕರಾರುಗಳಿವೆ. ಒಂದು ದಿನದಲ್ಲಿ ಮುಗಿಯಬೇಕಾದದ್ದನ್ನು ವಾರಗಟ್ಟಲೆ ಎಳೆಯುತ್ತಾರೆ, ಹೆಣ್ಣಿಗೆ ಹೆಣ್ಣೇ ವೈರಿ ಎಂಬಂತೆ ತೋರಿಸುತ್ತಾರೆ. ಅದನ್ನು ಬರೆಯುವವರು ತಮ್ಮ ಅಂಕಣದಲ್ಲಿ ಹಲವರಿದ್ದಾರೆ. ಆದರೆ ಕತೆ ದಾರಿ ತಪ್ಪಿದ ದಿನಗಳಲ್ಲೂ ನಾವು ಟಿವಿ ಮುಂದೆ ಕುಳಿತಿರುವುದು ಈ ಪೋಷಕ ನಟ ನಟಿಯರಿಂದ. ಸೋದರಮಾವ, ಅಡುಗೆಯ ಹೆಂಗಸು, ಮನೆಯ ಚಾಲಕ, ವಿಧವೆ ಅತ್ತೆ, ಇವರು ನಿಂತಲ್ಲಿ ನಿಂತು ಒಂದು ಸನ್ನೆಯಲ್ಲಿ ನಮ್ಮ ಊರಿನ ಯಾರನ್ನೋ ಎದುರಿಗೆ ತಂದು ನಿಲ್ಲಿಸುತ್ತಾರೆ. ಸೆಟ್ಟಿಗೆ ಹೋದ ಮೇಲೆಯೇ ಅಂದಿನ ಸಂಭಾಷಣೆಯ ಹಾಳೆ ಕೈಗೆ ಬರುತ್ತದೆಂದು ನಟರು ಸಂದರ್ಶನಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅಷ್ಟು ಕಡಿಮೆ ಸಮಯದಲ್ಲಿ ಕಲಿತು, ದಿನವೂ ಒಂದು ಕಂತಿಗೆ ಜೀವ ತುಂಬುವುದು ಕಸುಬಿನ ಮೇಲಿನ ಹಿಡಿತವಿಲ್ಲದೆ ಆಗುವ ಕೆಲಸವಲ್ಲ.

ನಮ್ಮ ಸೀಮೆಯಲ್ಲಿ ಕಲಾವಿದರ ಹೆಸರಿಗೆ ಇರುವ ಮರ್ಯಾದೆಯನ್ನು ಇಲ್ಲಿ ನೆನಪಿಸಬೇಕು. ಯಕ್ಷಗಾನ ಬಯಲಾಟದ ಕರಪತ್ರ ತೆಗೆದು ನೋಡಿದರೆ, ಪ್ರಸಂಗದ ಹೆಸರಿನ ಕೆಳಗೆ ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚಂಡೆ, ಮುಮ್ಮೇಳದಲ್ಲಿ ಎರಡನೇ ವೇಷದಿಂದ ಸ್ತ್ರೀವೇಷ, ಹಾಸ್ಯದವರೆಗೆ ಒಬ್ಬೊಬ್ಬರ ಹೆಸರೂ ಊರಿನೊಂದಿಗೆ ಅಚ್ಚಾಗಿರುತ್ತದೆ. ಜನ ಹೆಸರು ನೋಡಿಯೇ ಆಟಕ್ಕೆ ಹೋಗುತ್ತಾರೆ. 1985ರಿಂದ ಊರೂರು ಸುತ್ತುತ್ತಿರುವ ಹೆಗ್ಗೋಡಿನ ನೀನಾಸಮ್ ತಿರುಗಾಟದ ನಾಟಕಕ್ಕೆ ಹೋದರೂ ಅಷ್ಟೆ, ಬೆಳಕಿನ ಕೆಲಸ ಮಾಡಿದವರ ಹೆಸರನ್ನೂ ತಿಳಿದುಕೊಂಡು ಮನೆಗೆ ಬರುತ್ತೇವೆ. ಹೆಗ್ಗೋಡಿನಲ್ಲಿ ಕಲಿತವರೂ ಇಂದು ಕಿರುತೆರೆಯಲ್ಲಿ ದುಡಿಯುತ್ತಿದ್ದಾರೆ. ನಮ್ಮೂರಿನ ಬಯಲಿನಲ್ಲಿ ಐನೂರು ಜನರ ಮುಂದೆ ಹೆಸರಿದ್ದವರಿಗೆ ಲಕ್ಷಾಂತರ ಜನ ನೋಡುವ ಕಡೆ ಹೆಸರಿಲ್ಲವಾಗುವುದು ಸರಿಯೇ?

ಇಂಗ್ಲಿಷಿನಲ್ಲಿ ಇಂಥ ಧಾರಾವಾಹಿಗಳಿಗೆ ಸೋಪ್ ಎಂಬ ಹೆಸರು ಬಂದದ್ದು, 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಹಗಲು ಹೊತ್ತು ಮನೆಯಲ್ಲಿರುವ ಹೆಂಗಸರಿಗಾಗಿ ಬರುತ್ತಿದ್ದ ಕತೆಗಳಿಗೆ ಸಾಬೂನು ತಯಾರಿಸುವ ಕಂಪನಿಗಳು ಹಣ ಕೊಡುತ್ತಿದ್ದುದರಿಂದ ಎಂದು ಓದಿದ್ದೇನೆ. ಇಂದಿಗೂ ಪ್ರಾಯೋಜಕರ ಹೆಸರು ಕಂತಿನ ಮೊದಲಿಗೆ, ನಡುವೆ, ಕೊನೆಗೆ ಗಟ್ಟಿ ದನಿಯಲ್ಲಿ ಕೇಳಿಸುತ್ತದೆ. ಹಣ ಹಾಕುವವರ ಹೆಸರು ಬರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದೇ ಅಮೆರಿಕದಲ್ಲಿ 1956ರಲ್ಲಿ ಆರಂಭವಾದ 'ಆಸ್ ದ ವರ್ಲ್ಡ್ ಟರ್ನ್ಸ್' ಎಂಬ ಹಗಲಿನ ಧಾರಾವಾಹಿಯಲ್ಲಿ ಹೆಲೆನ್ ವ್ಯಾಗ್ನರ್ ಎಂಬ ನಟಿ ಮೊದಲ ಕಂತಿನ ತಮ್ಮ ಪಾತ್ರವನ್ನೇ 2010ರಲ್ಲಿ ತೀರಿಕೊಳ್ಳುವ ವರ್ಷದವರೆಗೂ ಮಾಡಿದರು. ಅಷ್ಟು ದೂರದ ಆ ನಟಿಯ ಹೆಸರು ಸಾಗರದ ಹಳ್ಳಿಯಲ್ಲಿರುವ ನನಗೆ ತಿಳಿದಿದೆ. ಬೆಂಗಳೂರಿನಲ್ಲಿರುವ ನಮ್ಮ ಕನ್ನಡದ ನಟಿಯ ಹೆಸರು ತಿಳಿದಿಲ್ಲ ಎಂಬುದು ನನಗೆ ನಾಚಿಕೆಯ ಸಂಗತಿ.

ಹೆಸರು ತೋರಿಸುತ್ತ ಕುಳಿತರೆ ನೋಡುವವರು ಬೇರೆ ವಾಹಿನಿಗೆ ಹೋಗುತ್ತಾರೆ, ಗುರುವಾರ ಬರುವ ಟಿಆರ್‌ಪಿಯಲ್ಲಿ ಅದು ಕಾಣುತ್ತದೆ ಎಂಬ ಅಂಜಿಕೆ ವಾಹಿನಿಗಳಿಗೆ ಇರಬಹುದು. ಗಂಟೆಯೊಂದಕ್ಕೆ 12 ನಿಮಿಷ ಜಾಹೀರಾತಿಗೆ ನಿಯಮ ಅವಕಾಶ ಕೊಟ್ಟಿದ್ದು, ಅದರಲ್ಲಿ 2 ನಿಮಿಷ ವಾಹಿನಿಗಳ ಸ್ವಂತ ಕಾರ್ಯಕ್ರಮಗಳ ಪ್ರಚಾರಕ್ಕೆಂದು ಇದೆ. ಆ 2 ನಿಮಿಷಗಳಲ್ಲಿ ಅರ್ಧ ನಿಮಿಷವನ್ನು, ದಿನವೂ ಬೇಡ, ವಾರಕ್ಕೊಮ್ಮೆ ಶನಿವಾರವೋ ಶುಕ್ರವಾರವೋ, ಪಾತ್ರದ ಹೆಸರು ಮತ್ತು ಪಾತ್ರಧಾರಿಯ ಹೆಸರನ್ನು ಅವರ ಮುಖದೊಂದಿಗೆ ತೋರಿಸಲು ಬಳಸಿದರೆ ಯಾರಿಗೂ ನಷ್ಟವಿಲ್ಲ. ಪಾತ್ರಧಾರಿ ಬದಲಾದ ದಿನ, "ಇಂದಿನಿಂದ ಈ ಪಾತ್ರವನ್ನು ಇಂಥವರು ನಿರ್ವಹಿಸುತ್ತಾರೆ, ಇಲ್ಲಿಯವರೆಗೆ ನಿರ್ವಹಿಸಿದ ಇಂಥವರಿಗೆ ಕೃತಜ್ಞತೆಗಳು" ಎಂಬ ಎರಡು ಸಾಲು ಹಾಕಬೇಕು. ಕಾರಣ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಡಬ್ ಆದ ಧಾರಾವಾಹಿಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣಗಳು ನಿಂತಾಗ 'ಮಹಾಭಾರತ' ಕನ್ನಡದಲ್ಲಿ ಮಾತಾಡಿತು. ಮುಖಗಳು ಉತ್ತರದವರದಾದರೂ ಆ ದನಿಗಳು ನಮ್ಮವರವು. ಕೃಷ್ಣನ ಮಾತಿಗೆ ಅತ್ತೆಯವರು ಕೈಮುಗಿದದ್ದು ಯಾರ ದನಿಗೆ ಎಂಬುದು ನಮಗೆ ಇಂದಿಗೂ ತಿಳಿಯದು.

ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿಯೂ ವಾರಕ್ಕೊಂದು ಧಾರಾವಾಹಿಯ ಪೂರ್ಣ ತಾರಾಬಳಗದ ಹೆಸರುಗಳನ್ನು, ನಾಯಕ ನಾಯಕಿಯರಿಗಷ್ಟೇ ನಿಲ್ಲಿಸದೆ, ಸಣ್ಣ ಚೌಕದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ನಮ್ಮ ಕಡೆ ಪತ್ರಿಕೆ ಬಸ್ಸಿನಲ್ಲಿ ಬರುವುದು ತಡವಾದರೂ ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರು ಬಹಳ ಮಂದಿ ಇದ್ದಾರೆ.

ನಾನು ಮೇಲೆ ಹೇಳಿದ ಧಾರಾವಾಹಿಯ ಹೆಸರನ್ನೂ ಅದು ಬರುವ ವಾಹಿನಿಯನ್ನೂ ಬೇರೆ ಚೀಟಿಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದು ಪ್ರಕಟಣೆಗೆ ಅಲ್ಲ. ತಮ್ಮ ಸಿನಿಮಾ ವಿಭಾಗದವರು ಯಾರನ್ನಾದರೂ ವಿಚಾರಿಸಿ, ಕಳೆದ ಆಷಾಢದವರೆಗೆ ಅಜ್ಜಿಯ ಪಾತ್ರ ಮಾಡುತ್ತಿದ್ದವರು ಯಾರು, ಅವರು ಈಗ ಆರೋಗ್ಯವಾಗಿದ್ದಾರೆಯೇ ಎಂಬುದನ್ನು ನನ್ನ ವಿಳಾಸಕ್ಕೆ ಒಂದು ಕಾರ್ಡಿನಲ್ಲಿ ತಿಳಿಸಿದರೆ, ಅದನ್ನು ಅತ್ತೆಯವರಿಗೆ ಓದಿ ಹೇಳುತ್ತೇನೆ.

ಇತಿ,
ಧಾರಾವಾಹಿಗಳ ಹಳೆಯ ವೀಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ